ಹನಿಯ ಪೆಟ್ಟು: ಒಂದೂವರೆ ಶತಮಾನದ ಶೋಧ

ಒಂದೇ ಮಳೆ, ಒಂದೇ ಗಾತ್ರದ ಹನಿಗಳು. ರಾಮನಗರದ ಬೆಟ್ಟದ ಬರಿಯ ಬಂಡೆಗೆ ಬಿದ್ದ ಹನಿ ಸಿಡಿದು ಚೂರುಚೂರಾಗುತ್ತದೆ. ಮಾಗಡಿಯ ಕಡೆ ಉತ್ತು ಬಿಟ್ಟ ಕೆಮ್ಮಣ್ಣಿನ ಹೊಲಕ್ಕೆ ಬಿದ್ದ ಹನಿ ಪುಟ್ಟ ಗುಳಿ ತೋಡಿ ಮಣ್ಣಿನ ಕಣಗಳನ್ನು ಹಾರಿಸುತ್ತದೆ. ಕನಕಪುರದ ಕಡೆಯ ಕಾಲುವೆಯಂಚಿನಲ್ಲಿ ಬೆಳೆದ ಕೆಸುವಿನ ಎಲೆಗೆ ಬಿದ್ದ ಹನಿ ಮುತ್ತಿನಂತೆ ಉರುಳಿ ಕೆಳಗಿಳಿಯುತ್ತದೆ. ಚನ್ನಪಟ್ಟಣದ ಅರಗು ಹಚ್ಚಿದ ಗೊಂಬೆಯ ಮೇಲೆ ಇಟ್ಟ ಹನಿ ಚಿಕ್ಕ ಗುಮ್ಮಟದಂತೆ ನಿಲ್ಲುತ್ತದೆ. ಅದೇ ಗೊಂಬೆಯ ಅರಗಿಲ್ಲದ ಬರಿಯ ಮರದ ಮೇಲೆ ಇಟ್ಟರೆ ಹರಡಿ ಇಂಗಿಹೋಗುತ್ತದೆ.

ನೀರು ಒಂದೇ ಆದರೂ ನಡವಳಿಕೆ ಐದು ಬಗೆ. ಏಕೆ ಹೀಗೆ? ಪ್ರಶ್ನೆ ಮಕ್ಕಳು ಕೇಳುವಷ್ಟು ಸರಳವಾಗಿದೆ. ಆದರೆ ಉತ್ತರ ಹುಡುಕಲು ಭೌತವಿಜ್ಞಾನಿಗಳಿಗೆ ಸುಮಾರು 150 ವರ್ಷ ಹಿಡಿದಿದೆ, ಹುಡುಕಾಟ ಇನ್ನೂ ಮುಗಿದಿಲ್ಲ. ಇದು ಕೇವಲ ಕುತೂಹಲದ ಸಂಗತಿಯೂ ಅಲ್ಲ. ಈ ನಾಲ್ಕು ಊರುಗಳು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಇಲ್ಲಿನ ರಾಗಿ ಹೊಲಗಳ ಮೇಲ್ಮಣ್ಣು ಹೊಲದಲ್ಲೇ ಉಳಿಯುತ್ತದೆಯೋ ಕೆರೆಯ ಹೂಳಾಗುತ್ತದೆಯೋ ಎಂಬುದು ಹನಿ ನೆಲ ಮುಟ್ಟಿದ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಡೆಯುವ ಘಟನೆಯ ಮೇಲೆ ಬಹುಮಟ್ಟಿಗೆ ನಿಂತಿದೆ.

ಕತ್ತಲೆ ಕೋಣೆಯಲ್ಲಿ ಒಂದು ಕಿಡಿ

ಹನಿಯ ಸಿಡಿತ ನಮ್ಮ ಕಣ್ಣಿಗೆ ನಿಲುಕುವುದಿಲ್ಲ. 3 ಮಿ.ಮೀ. ವ್ಯಾಸದ ಹನಿಯೊಂದು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಿದ್ದರೆ ಅದು ಪೂರ್ತಿ ಚಪ್ಪಟೆಯಾಗಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲವೇ ಸಾಕು. ಇದನ್ನು ಕ್ರಮಬದ್ಧವಾಗಿ ನೋಡಲು ಹೊರಟವರಲ್ಲಿ ಮೊದಲಿಗರು ಇಂಗ್ಲೆಂಡಿನ ಭೌತವಿಜ್ಞಾನ ಅಧ್ಯಾಪಕ ಆರ್ಥರ್ ಮೇಸನ್ ವರ್ದಿಂಗ್ಟನ್ (1852–1916). ಸಮತಲ ಹಲಗೆಯ ಮೇಲೆ ನೇರವಾಗಿ ಬೀಳುವ ಹನಿಗಳು ತಾಳುವ ಆಕಾರಗಳನ್ನು ಕುರಿತ ಅವರ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1876ರಲ್ಲಿ ಪ್ರಕಟವಾಯಿತು.

ಅವರ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದು. ಕತ್ತಲೆ ಕೋಣೆಯಲ್ಲಿ ಮೇಲಿನಿಂದ ಒಂದು ಹನಿಯನ್ನು ಗಾಜಿನ ಹಲಗೆಯ ಮೇಲೆ ಬೀಳಿಸುವುದು. ಹನಿ ಹಲಗೆಯನ್ನು ಮುಟ್ಟುವ ಗಳಿಗೆಗೆ ಸರಿಯಾಗಿ ವಿದ್ಯುತ್ ಕಿಡಿ ಹೊತ್ತುವಂತೆ ಏರ್ಪಾಡು ಮಾಡುವುದು. ಕಿಡಿಯ ಬೆಳಕಿನಲ್ಲಿ ಕಣ್ಣಿಗೆ ಬಿದ್ದ ಆಕಾರವನ್ನು ಕೂಡಲೇ ಕೈಯಿಂದ ಚಿತ್ರಿಸುವುದು. ಮುಂದಿನ ಹನಿಗೆ ಕಿಡಿಯನ್ನು ತುಸು ತಡವಾಗಿ ಹೊತ್ತಿಸಿದರೆ ಮುಂದಿನ ಹಂತ ಕಾಣುತ್ತದೆ. ಹೀಗೆ ಪಾದರಸ, ಹಾಲು, ನೀರಿನ ಸಾಲುಸಾಲು ಹನಿಗಳಿಂದ ಒಂದೇ ಸಿಡಿತದ ಕಥೆಯನ್ನು ಅವರು ಜೋಡಿಸಿದರು. ಹನಿ ಮೊದಲು ತಟ್ಟೆಯಂತೆ ಹರಡುತ್ತದೆ. ತಟ್ಟೆಯ ಅಂಚು ದಪ್ಪಗಾಗುತ್ತದೆ. ಅಂಚಿನಿಂದ ಬೆರಳುಗಳು ಮೂಡುತ್ತವೆ. ಪೆಟ್ಟು ಜೋರಾಗಿದ್ದರೆ ಬೆರಳ ತುದಿಗಳು ಕಳಚಿ ಸಣ್ಣ ಹನಿಗಳಾಗಿ ಹಾರುತ್ತವೆ. ಇಲ್ಲವಾದರೆ ಇಡೀ ತಟ್ಟೆ ಮತ್ತೆ ನಡುವಿಗೆ ಸೇರಿಕೊಳ್ಳುತ್ತದೆ.

ಈ ಕಥೆಯಲ್ಲಿ ವಿಜ್ಞಾನ ಶಿಕ್ಷಕರು ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಒಂದು ತಿರುವು ಇದೆ. ವರ್ದಿಂಗ್ಟನ್ನರ ಮೊದಲ ಚಿತ್ರಗಳು ಹೂವಿನ ಎಸಳುಗಳಷ್ಟು ಸಮಾಂಗವಾಗಿದ್ದವು. 1894ರ ಸುಮಾರಿಗೆ ಕಿಡಿಯ ಬೆಳಕಿನಲ್ಲೇ ಛಾಯಾಚಿತ್ರ ತೆಗೆಯುವುದು ಅವರಿಗೆ ಸಾಧ್ಯವಾಯಿತು. ಛಾಯಾಚಿತ್ರಗಳಲ್ಲಿ ಕಂಡ ಸಿಡಿತಗಳು ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ಒಂದು ಬೆರಳು ಉದ್ದ, ಇನ್ನೊಂದು ಗಿಡ್ಡ, ಮತ್ತೊಂದು ಓರೆ. ಹಳೆಯ ಟಿಪ್ಪಣಿಗಳನ್ನು ತಿರುವಿ ನೋಡಿದಾಗ, ಓರೆಕೋರೆಯ ಆಕಾರಗಳು ಮೊದಲೂ ಕಂಡಿದ್ದುವು, ಆದರೆ ಅವನ್ನು ಆಕಸ್ಮಿಕವೆಂದು ಬದಿಗಿಟ್ಟು ಸಮಾಂಗವಾದವನ್ನೇ ಆರಿಸಿಕೊಂಡಿದ್ದೆ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಮನಸ್ಸು ನಿರೀಕ್ಷಿಸಿದ್ದನ್ನೇ ಕಣ್ಣು ಕಾಣುತ್ತದೆ ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನಗಳು ಕಡಿಮೆ. 1908ರಲ್ಲಿ ಅವರ ಛಾಯಾಚಿತ್ರಗಳೆಲ್ಲ ಗ್ರಂಥರೂಪದಲ್ಲಿ ಬಂದವು. ಮುಂದೆ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಸ್ಟ್ರೋಬೋಸ್ಕೋಪಿನ ಮಿಣುಕು ಬೆಳಕು ಬಳಸಿ ತೆಗೆದ ಹಾಲಿನ ಹನಿಯ ಕಿರೀಟದ ಚಿತ್ರಗಳು ಲೋಕಪ್ರಸಿದ್ಧವಾದವು.

ಭಾರತದಲ್ಲೂ ಈ ಕುತೂಹಲ ಇತ್ತು. ಮುಂದೆ, 1933ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಆಶುತೋಷ್ ಡೇ ಅವರೊಡನೆ ದ್ರವ ಚಿಮ್ಮುವಾಗ ಏಳುವ ಶಬ್ದದ ಬಗೆಗೇ ಒಂದು ಪ್ರಬಂಧ ಪ್ರಕಟಿಸಿದ್ದರು.

ರೈತನ ಹಿಟ್ಟಿನ ತಟ್ಟೆ

ಹನಿಯ ಆಕಾರ ತಿಳಿದರೆ ಸಾಲದು, ಅದರ ಗಾತ್ರವೂ ವೇಗವೂ ತಿಳಿಯಬೇಕು. ಬೀಳುವ ಮಳೆಹನಿಯನ್ನು ಅಳೆಯುವುದು ಹೇಗೆ? ಉಪಾಯ ಹೂಡಿದವರು ಅಮೆರಿಕದ ವರ್ಮಾಂಟ್ ರಾಜ್ಯದ ರೈತ ವಿಲ್ಸನ್ ಬೆಂಟ್ಲಿ. ಹಿಮದ ಹರಳುಗಳ ಛಾಯಾಚಿತ್ರಗಳಿಂದ ಹೆಸರಾದವರು ಇವರೇ. ಜರಡಿ ಹಿಡಿದ ನಯವಾದ ಹಿಟ್ಟನ್ನು ತಟ್ಟೆಯಲ್ಲಿ ಹರಡಿ ಕೆಲವೇ ಸೆಕೆಂಡು ಮಳೆಗೆ ಒಡ್ಡಿದರೆ ಒಂದೊಂದು ಹನಿಯೂ ಒಂದೊಂದು ಹಿಟ್ಟಿನ ಗುಳಿಗೆಯಾಗುತ್ತದೆ. ಗುಳಿಗೆಯನ್ನು ಒಣಗಿಸಿ ಅಳೆದರೆ ಹನಿಯ ಗಾತ್ರ ದೊರೆಯುತ್ತದೆ. ಬೆಂಟ್ಲಿಯವರ ಈ ಅಧ್ಯಯನ 1904ರಲ್ಲಿ ಪ್ರಕಟವಾಯಿತು.

ಅದೇ 1904ರಲ್ಲಿ ಜರ್ಮನಿಯ ಫಿಲಿಪ್ ಲೆನಾರ್ಡ್ ಕೆಳಗಿನಿಂದ ಮೇಲಕ್ಕೆ ಗಾಳಿ ಬೀಸುವ ಕೊಳವೆಯಲ್ಲಿ ಹನಿಗಳನ್ನು ತೇಲಿಸಿ ಅವುಗಳ ವೇಗ ಅಳೆದರು. ಸುಮಾರು 5 ಮಿ.ಮೀ.ಗಿಂತ ದೊಡ್ಡ ಹನಿಗಳು ಗಾಳಿಯಲ್ಲೇ ಒಡೆದುಹೋಗುವುದನ್ನು ಅವರು ಕಂಡರು. ಈ ವೇಗಗಳ ನಿಖರ ಮಾಪನ ಗನ್ ಮತ್ತು ಕಿನ್ಜರ್ ಎಂಬವರಿಂದ 1949ರಲ್ಲಿ ಆಯಿತು. ಗಾಳಿಯ ತಡೆ ಇಲ್ಲದಿದ್ದರೆ 2 ಕಿ.ಮೀ. ಎತ್ತರದ ಮೋಡದಿಂದ ಬಿದ್ದ ಹನಿ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನಮ್ಮ ತಲೆಗೆ ಬಡಿಯುತ್ತಿತ್ತು! ಗಾಳಿಯ ದೆಸೆಯಿಂದ ಅದು ಒಂದು ಅಂತಿಮ ವೇಗವನ್ನು ಮೀರುವುದಿಲ್ಲ. ತುಂತುರಿನ 0.2 ಮಿ.ಮೀ. ಹನಿಗೆ ಆ ವೇಗ ಸೆಕೆಂಡಿಗೆ ಸುಮಾರು 0.7 ಮೀಟರ್, 1 ಮಿ.ಮೀ. ಹನಿಗೆ 4 ಮೀಟರ್; 3 ಮಿ.ಮೀ. ಹನಿಗೆ 8 ಮೀಟರ್, 5 ಮಿ.ಮೀ. ಹನಿಗೆ 9 ಮೀಟರ್.

ಈಗ ಒಂದು ಲೆಕ್ಕ ಮಾಡಿ ನೋಡಿ. ಹನಿಯ ರಾಶಿ ವ್ಯಾಸದ ಘನಕ್ಕೆ ಅನುಗುಣ. ಚಲನ ಶಕ್ತಿ ರಾಶಿಗೂ ವೇಗದ ವರ್ಗಕ್ಕೂ ಅನುಗುಣ. 0.2 ಮಿ.ಮೀ. ಹನಿಗೆ ಹೋಲಿಸಿದರೆ 3 ಮಿ.ಮೀ. ಹನಿಯ ರಾಶಿ 3,375 ಪಟ್ಟು. ವೇಗದ ವರ್ಗ ಸುಮಾರು 125 ಪಟ್ಟು. ಎರಡನ್ನೂ ಗುಣಿಸಿದರೆ ಚಲನ ಶಕ್ತಿ 4 ಲಕ್ಷ ಪಟ್ಟಿಗೂ ಹೆಚ್ಚು! ಸೋನೆ ಮಳೆಗೂ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೂ ಇರುವ ವ್ಯತ್ಯಾಸ ಕೇವಲ ನೀರಿನ ಪ್ರಮಾಣದ್ದಲ್ಲ, ಒಂದೊಂದು ಹನಿಯ ಪೆಟ್ಟಿನದು.

ಎರಡು ಬಲಗಳ ಜಗ್ಗಾಟ

ಹನಿ ಮೇಲ್ಮೈಗೆ ಬಡಿದಾಗ ಅದರ ಜಡತ್ವ ಅದನ್ನು ಹರಡಲು ತಳ್ಳುತ್ತದೆ. ಮೇಲ್ಮೈ ಎಳೆತ ಅದನ್ನು ಮತ್ತೆ ಉಂಡೆಯಾಗಿಸಲು ಜಗ್ಗುತ್ತದೆ. ಯಾವುದು ಗೆಲ್ಲುತ್ತದೆ ಎಂಬುದನ್ನು ಒಂದು ಸಂಖ್ಯೆಯಿಂದ ಹೇಳಬಹುದು. ದ್ರವದ ಸಾಂದ್ರತೆ, ವೇಗದ ವರ್ಗ, ಹನಿಯ ವ್ಯಾಸ, ಈ ಮೂರನ್ನು ಗುಣಿಸಿ ಮೇಲ್ಮೈ ಎಳೆತದಿಂದ ಭಾಗಿಸಿದರೆ ಬರುವುದೇ ಆ ಸಂಖ್ಯೆ. ಜರ್ಮನಿಯ ಎಂಜಿನಿಯರ್ ಮೋರಿಟ್ಸ್ ವೇಬರ್ ಅವರ ಗೌರವಾರ್ಥ ಇದನ್ನು ವೇಬರ್ ಸಂಖ್ಯೆ ಎನ್ನುತ್ತಾರೆ. ತುಂತುರಿನ 0.2 ಮಿ.ಮೀ. ಹನಿಗೆ ಇದು ಸುಮಾರು 1.4. ಅಂದರೆ ಎರಡೂ ಬಲಗಳು ಸರಿಸಮ. ಹನಿ ಮೆಲ್ಲನೆ ಕೂರುತ್ತದೆ. 3 ಮಿ.ಮೀ. ಹನಿಗೆ ಇದು ಸುಮಾರು 2,700. ಇಲ್ಲಿ ಮೇಲ್ಮೈ ಎಳೆತಕ್ಕೆ ಹನಿಯನ್ನು ಹಿಡಿದಿಡುವ ಶಕ್ತಿ ಎಲ್ಲಿದೆ? ಹನಿ ಸಿಡಿಯಲೇಬೇಕು.

ಆದರೆ ವೇಬರ್ ಸಂಖ್ಯೆಯೊಂದರಿಂದಲೇ ಎಲ್ಲವನ್ನೂ ಹೇಳಲಾಗದು. ದ್ರವದ ಸ್ನಿಗ್ಧತೆ, ಮೇಲ್ಮೈಯ ಒರಟುತನ, ಅದು ಒಣಗಿದೆಯೋ ಒದ್ದೆಯೋ, ಗಟ್ಟಿಯೋ ಮೆತ್ತಗೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೇಲ್ಮೈಗಳನ್ನು ಒಂದೊಂದಾಗಿ ನೋಡೋಣ.

ಬಂಡೆಯ ಮೇಲೆ

ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಸರ್ ಬ್ಯಾರಿ ಕ್ಲೋಸ್ ಅವರಿಂದ ಬಂದ ಹೆಸರು ಅದು. ಊರಿನ ಹೆಸರು ಬದಲಾದರೂ ಇಲ್ಲಿನ ಕಲ್ಲು ಭೂವಿಜ್ಞಾನದಲ್ಲಿ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಪ್ರಸಿದ್ಧ. ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ. ಚಾಚಿದ ಈ ಶಿಲಾಪಟ್ಟಿಯ ವಯಸ್ಸು ಸುಮಾರು 251 ಕೋಟಿ ವರ್ಷ.

ಬಂಡೆಗೆ ಬಿದ್ದ ಹನಿ ಎಷ್ಟು ಒತ್ತಡ ಹೇರುತ್ತದೆ? 1928ರಲ್ಲಿ ಎಸ್.ಎಸ್. ಕುಕ್ ಎಂಬ ಇಂಗ್ಲಿಷ್ ಎಂಜಿನಿಯರ್ ಉಗಿ ಟರ್ಬೈನುಗಳ ಅಲಗುಗಳನ್ನು ನೀರಹನಿಗಳು ಸವೆಸುವುದನ್ನು ವಿವರಿಸಲು ಒಂದು ಸರಳ ಸೂತ್ರ ಬಳಸಿದರು. ಹನಿ ಮುಟ್ಟಿದ ಮೊದಲ ಗಳಿಗೆಯಲ್ಲಿ ನೀರು ಬದಿಗೆ ಸರಿಯಲು ಸಮಯವೇ ಇರುವುದಿಲ್ಲ, ಅದು ಸಂಪೀಡನಗೊಳ್ಳುತ್ತದೆ. ಆಗಿನ ಒತ್ತಡ ಎಂದರೆ ನೀರಿನ ಸಾಂದ್ರತೆ, ನೀರಿನಲ್ಲಿ ಶಬ್ದದ ವೇಗ, ಹನಿಯ ವೇಗ ಇವುಗಳ ಗುಣಲಬ್ಧ. ಸೆಕೆಂಡಿಗೆ 8 ಮೀಟರ್ ವೇಗದ ಹನಿಗೆ ಇದು ವಾಯುಮಂಡಲದ ಒತ್ತಡದ ಸುಮಾರು 120 ಪಟ್ಟು. ಕೇಳಿದರೆ ಭಯವಾಗುವ ಸಂಖ್ಯೆ. ಆದರೆ ಅದು ಅತಿ ಚಿಕ್ಕ ಜಾಗದಲ್ಲಿ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಕಾಲ ಮಾತ್ರ ಇರುತ್ತದೆ. ಗ್ರಾನೈಟನ್ನು ಒತ್ತಿ ಪುಡಿಮಾಡಲು ಇದರ ಹತ್ತರಷ್ಟು ಒತ್ತಡ ಬೇಕು. ಆದ್ದರಿಂದ ರಾಮದೇವರ ಬೆಟ್ಟದ ದುಂಡು ಬಂಡೆಗಳನ್ನಾಗಲಿ ಸಾವನದುರ್ಗದ ನುಣುಪಾದ ಇಳಿಜಾರನ್ನಾಗಲಿ ಮಳೆಹನಿಯ ಪೆಟ್ಟು ಕಡೆಯಿತೆಂದು ಭಾವಿಸಬಾರದು. ಬಿರುಕುಗಳಲ್ಲಿ ಇಳಿದ ನೀರು ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಜೇಡಿಯಾಗಿಸುವ ರಾಸಾಯನಿಕ ಶಿಥಿಲೀಕರಣವೇ ಅಲ್ಲಿನ ಮುಖ್ಯ ಶಿಲ್ಪಿ.

ವೇಗ ಹೆಚ್ಚಿದರೆ ಮಾತ್ರ ಕಥೆ ಬೇರೆ. ಗಾಳಿಯಂತ್ರದ ಅಲಗಿನ ತುದಿ ಸೆಕೆಂಡಿಗೆ 80–90 ಮೀಟರ್ ವೇಗದಲ್ಲಿ ಮಳೆಹನಿಗಳನ್ನು ಎದುರಿಸುತ್ತದೆ. ಅಲ್ಲಿ ಒತ್ತಡವೂ ಹತ್ತು ಪಟ್ಟಿಗಿಂತ ಹೆಚ್ಚಾಗಿ, ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಅಲಗಿನ ಅಂಚು ದಣಿದು ಸವೆಯುತ್ತದೆ.

ಹನಿ ಗಟ್ಟಿ ಬಂಡೆಯಲ್ಲಿ ಗುರುತು ಉಳಿಸದು ನಿಜ. ಬಂಡೆಯಾಗಲಿರುವ ಮೆದು ಪದರದಲ್ಲಿ ಉಳಿಸಬಲ್ಲದು. 1851ರಲ್ಲೇ ಚಾರ್ಲ್ಸ್ ಲಯೆಲ್ ಶಿಲೆಗಳಲ್ಲಿ ಉಳಿದ ಮಳೆಹನಿಗಳ ಅಚ್ಚುಗಳ ಬಗೆಗೆ ಬರೆದಿದ್ದರು. ದಕ್ಷಿಣ ಆಫ್ರಿಕದಲ್ಲಿ 270 ಕೋಟಿ ವರ್ಷ ಹಿಂದೆ ಜ್ವಾಲಾಮುಖಿಯ ಬೂದಿಯ ಮೇಲೆ ಬಿದ್ದ ಹನಿಗಳ ಅಚ್ಚುಗಳಿವೆ. ಅಂದರೆ ರಾಮನಗರದ ಬಂಡೆಗಳು ಹುಟ್ಟುವ ಮುಂಚಿನ ಮಳೆ! ಸಂಜಯ್ ಸೋಮ್ ಮತ್ತು ಸಂಗಡಿಗರು ಈ ಗುಳಿಗಳ ಗಾತ್ರವನ್ನು ಅಳೆದು, ಇಂದಿನ ಬೂದಿಯ ಮೇಲೆ ಹನಿ ಬೀಳಿಸಿ ಹೋಲಿಸಿ, ಅಂದಿನ ಗಾಳಿಯ ಸಾಂದ್ರತೆ ಇಂದಿನದರ ಎರಡರಷ್ಟಕ್ಕಿಂತ ಕಡಿಮೆ ಇತ್ತೆಂದು 2012ರಲ್ಲಿ ತೀರ್ಮಾನಿಸಿದರು. ಹನಿಯ ಅಂತಿಮ ವೇಗ ಗಾಳಿಯ ಸಾಂದ್ರತೆಯನ್ನು ಅವಲಂಬಿಸಿದೆ ಎಂಬ ಒಂದೇ ತತ್ತ್ವ ಇಷ್ಟು ದೂರ ಕೊಂಡೊಯ್ಯಿತು.

ಮಣ್ಣಿನ ಮೇಲೆ

ಮಣ್ಣಿನ ಸವೆತಕ್ಕೆ ಹರಿಯುವ ನೀರೇ ಕಾರಣ ಎಂಬುದು ಬಹುಕಾಲದ ನಂಬಿಕೆ. ಬೆಳೆಯ ಹೊದಿಕೆ ಮಣ್ಣನ್ನು ಕಾಪಾಡುತ್ತದೆಂದು ಜರ್ಮನಿಯ ಎವಾಲ್ಡ್ ವೊಲ್ನಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ತೋರಿಸಿದ್ದರೂ ಹನಿಯ ಪಾತ್ರಕ್ಕೆ ತಕ್ಕ ಮನ್ನಣೆ ಸಿಕ್ಕಿರಲಿಲ್ಲ. 1940ರ ದಶಕದ ಆರಂಭದಲ್ಲಿ ಅಮೆರಿಕದ ಲಾಸ್ ಮತ್ತು ಪಾರ್ಸನ್ಸ್ ಬೆಂಟ್ಲಿಯ ಹಿಟ್ಟಿನ ವಿಧಾನವನ್ನೇ ಬಳಸಿ ಮಳೆಯ ತೀವ್ರತೆಗೂ ಹನಿಯ ಗಾತ್ರಕ್ಕೂ ಇರುವ ಸಂಬಂಧವನ್ನು ಗುರುತಿಸಿದರು. 1944ರಲ್ಲಿ ಡಬ್ಲ್ಯು.ಡಿ. ಎಲಿಸನ್ ಸವೆತವನ್ನು ಎರಡು ಹೆಜ್ಜೆಗಳಾಗಿ ಬಿಡಿಸಿದರು. ಮೊದಲು ಹನಿಯ ಪೆಟ್ಟು ಮಣ್ಣಿನ ಹರಳುಗಳನ್ನು ಒಡೆದು ಕಣಗಳನ್ನು ಬಿಡಿಸುತ್ತದೆ. ಆಮೇಲೆ ಹರಿವ ನೀರು ಅವನ್ನು ಸಾಗಿಸುತ್ತದೆ. ಹನಿ ಕೀಳುವ ಕೆಲಸದ್ದು, ಹರಿವು ಹೊರುವ ಕೆಲಸದ್ದು. ಹಾರಿದ ಕಣಗಳು 60 ಸೆಂ.ಮೀ. ಎತ್ತರಕ್ಕೂ 150 ಸೆಂ.ಮೀ. ದೂರಕ್ಕೂ ಹೋಗಬಲ್ಲವು.

ಇದಕ್ಕೆ ಸಾಕ್ಷಿ ಬೇಕೇ? ಮಳೆಗಾಲ ಕಳೆದ ಮೇಲೆ ಹಳ್ಳಿಯ ಯಾವುದಾದರೂ ಸುಣ್ಣ ಬಳಿದ ಗೋಡೆಯ ಬುಡ ನೋಡಿ. ಮೊಣಕಾಲೆತ್ತರದವರೆಗೆ ಕೆಮ್ಮಣ್ಣಿನ ಚುಕ್ಕೆಗಳು ಸಿಡಿದಿರುತ್ತವೆ. ಹರಿಯುವ ನೀರು ಗೋಡೆ ಹತ್ತಲಾರದು. ಹತ್ತಿಸಿದ್ದು ಹನಿ.

ಎಲಿಸನ್ನರ ವಿಚಾರಕ್ಕೆ ಅತ್ಯಂತ ಸ್ಪಷ್ಟ ಪುರಾವೆ ಒದಗಿಸಿದ್ದು ಇಂದಿನ ಜಿಂಬಾಬ್ವೆಯಲ್ಲಿ ನಾರ್ಮನ್ ಹಡ್ಸನ್ 1950ರ ದಶಕದಲ್ಲಿ ಆರಂಭಿಸಿದ ಪ್ರಯೋಗ. ಪಕ್ಕಪಕ್ಕದ ಎರಡು ಬರಿಯ ತಾಕುಗಳು. ಎರಡರಲ್ಲೂ ಕಳೆ ಕಿತ್ತಿದೆ, ಇಳಿಜಾರು ಒಂದೇ, ಮಳೆ ಒಂದೇ. ಒಂದರ ಮೇಲೆ ಮಾತ್ರ ಸ್ವಲ್ಪ ಎತ್ತರದಲ್ಲಿ ಸೊಳ್ಳೆ ಪರದೆಯಂಥ ಬಲೆ ಕಟ್ಟಿದೆ. ಬಲೆ ನೀರನ್ನು ತಡೆಯುವುದಿಲ್ಲ, ಹನಿಯನ್ನು ತುಂತುರಾಗಿ ಒಡೆದು ಇಳಿಸುತ್ತದೆ ಅಷ್ಟೆ. ಬಲೆಯಿಲ್ಲದ ತಾಕಿನಲ್ಲಿ ಕೊಚ್ಚಿಹೋದ ಮಣ್ಣು ಬಲೆ ಇದ್ದ ತಾಕಿನದಕ್ಕಿಂತ ನೂರು ಪಟ್ಟಿಗೂ ಹೆಚ್ಚು!

ಮಳೆಯ ಒಟ್ಟು ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರವನ್ನು ವಿಶ್‌ಮೈಯರ್ ಮತ್ತು ಸ್ಮಿತ್ 1958ರಲ್ಲಿ ನೀಡಿದರು. ಅದನ್ನು ನಮ್ಮ ಹೊಲಕ್ಕೆ ಅನ್ವಯಿಸೋಣ. ಗಂಟೆಯೊಂದರಲ್ಲಿ 50 ಮಿ.ಮೀ. ಮಳೆ ಸುರಿದರೆ 1 ಎಕರೆಗೆ ಬೀಳುವ ನೀರು ಸುಮಾರು 2 ಲಕ್ಷ ಲೀಟರ್. ಹನಿಗಳೆಲ್ಲ 3 ಮಿ.ಮೀ. ಎಂದು ಹಿಡಿದರೆ ಅವುಗಳ ಸಂಖ್ಯೆ 1,400 ಕೋಟಿ. ಸೂತ್ರದ ಪ್ರಕಾರ ಅವು ತರುವ ಚಲನ ಶಕ್ತಿ ಸುಮಾರು 54 ಲಕ್ಷ ಜೂಲ್. 1 ಟನ್ ಭಾರವನ್ನು 500 ಮೀಟರಿಗೂ ಮಿಕ್ಕಿ ಎತ್ತಲು ಸಾಕಾಗುವಷ್ಟು ಶಕ್ತಿ ಅದು. ಅಷ್ಟೂ ಪೆಟ್ಟು ಬೀಳುವುದು ಮೇಲಿನ ತೆಳು ಪದರದ ಮೇಲೆ.

ಈ ಪೆಟ್ಟಿನಿಂದ ಎರಡು ಬಗೆಯ ಹಾನಿ. ಮೊದಲನೆಯದು ಸ್ಥಳಾಂತರ. ಸಮತಟ್ಟಾದ ನೆಲದಲ್ಲಿ ಹಾರಿದಷ್ಟೇ ಮಣ್ಣು ಅತ್ತಿತ್ತಲಿಂದ ಬಂದು ಬೀಳುತ್ತದೆ. ಇಳಿಜಾರಿನಲ್ಲಿ ಹಾಗಲ್ಲ, ಕೆಳಮುಖವಾಗಿ ಹಾರಿದ ಕಣ ಹೆಚ್ಚು ದೂರ ಹೋಗುತ್ತದೆ. ಎರಡನೆಯದು ಇನ್ನೂ ಕಪಟದ್ದು. ಬಿಡಿಸಿಕೊಂಡ ನಯವಾದ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮಳೆ ನಿಂತು ಬಿಸಿಲು ಬಿದ್ದಾಗ ಮೇಲ್ಪದರ ಹಕ್ಕಳೆಗಟ್ಟುತ್ತದೆ. ಕೆಮ್ಮಣ್ಣಿನಲ್ಲಿ ಇದು ವಿಶೇಷವಾಗಿ ಕಾಡುತ್ತದೆ. ಮೊಳಕೆ ಮೇಲೇಳಲಾರದು. ಮುಂದಿನ ಮಳೆಯ ನೀರು ಇಂಗದೆ ಹರಿದುಹೋಗುತ್ತದೆ, ಹರಿಯುವಾಗ ಮಣ್ಣನ್ನೂ ಒಯ್ಯುತ್ತದೆ.

ನಮ್ಮ ಭಾಗದ ಮಳೆಯ ಕಾಲವನ್ನು ಗಮನಿಸಿ. ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಹಸ್ತ, ಚಿತ್ತೆ ಮಳೆಗಳ ವೇಳೆಗೆ. ಆಗ ರಾಗಿ ಪೈರು ನೆಲ ಮುಚ್ಚಿರುತ್ತದೆ. ಹನಿ ಮೊದಲು ಎಲೆಗೆ ಬಡಿಯುತ್ತದೆ. ಅಪಾಯ ಇರುವುದು ಭರಣಿ, ಕೃತ್ತಿಕೆ ಮಳೆಗಳಲ್ಲಿ. ಆಗ ಬೀಳುವುದು ದಪ್ಪ ಹನಿಯ ಗುಡುಗು ಮಳೆ; ಹೊಲವೋ ಉತ್ತು ಬರಿದಾಗಿರುತ್ತದೆ. ಮಾಗಡಿ ಕಡೆಯ ಇಳಿಜಾರಿನಲ್ಲಿ ಆಗ ಕಿತ್ತುಬಂದ ಕಣ ಅರ್ಕಾವತಿಯನ್ನು ಸೇರಿದರೆ ಅದರ ದಾರಿ ಸ್ಪಷ್ಟ. ತಿಪ್ಪಗೊಂಡನಹಳ್ಳಿಯ ಜಲಾಶಯ, ಇಲ್ಲವೇ ಕೆಳಗಿನ ಮಂಚನಬೆಲೆ, ಅಲ್ಲಿಂದ ರಾಮನಗರ, ಕನಕಪುರ ತಾಲ್ಲೂಕಿನ ಹಾರೋಬೆಲೆ, ಕೊನೆಗೆ ಸಂಗಮದಲ್ಲಿ ಕಾವೇರಿ. ಜಲಾಶಯದಲ್ಲಿ ನಿಂತರೆ ಅದು ಹೂಳು. ಹೊಲದಲ್ಲಿದ್ದಾಗ ಅದು ಅನ್ನ. ಒಂದು ಸೆಂ.ಮೀ. ಮೇಲ್ಮಣ್ಣು ಗ್ರಾನೈಟಿನಿಂದ ಹುಟ್ಟಲು ನೂರಾರು ವರ್ಷ ಬೇಕು.

ಕರ್ನಾಟಕದಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರ ಬಳ್ಳಾರಿಯಲ್ಲಿ 1954ರಲ್ಲಿ ಆರಂಭವಾಯಿತು. 1970ರಲ್ಲಿ ಮೊದಲಾದ ಅಖಿಲ ಭಾರತ ಒಣಬೇಸಾಯ ಸಂಶೋಧನಾ ಯೋಜನೆಯ ಒಂದು ಕೇಂದ್ರ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೆಮ್ಮಣ್ಣಿನ ರಾಗಿ ಬೇಸಾಯಕ್ಕಾಗಿ ಕೆಲಸ ಮಾಡುತ್ತ ಬಂದಿದೆ. ಹನಿಯ ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ನಮ್ಮ ರೈತರ ಹಲವು ಪದ್ಧತಿಗಳಿಗೆ ಹೊಸ ಅರ್ಥ ಬರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು ಮತ್ತು ಬದು ಹಾಕುವುದು ಎಲಿಸನ್ನರ ಎರಡನೆಯ ಹೆಜ್ಜೆಯನ್ನು ತಡೆಯುತ್ತವೆ. ರಾಗಿಯ ನಡುವಿನ ಅಕ್ಕಡಿ ಸಾಲಿನ ಅವರೆ, ತೊಗರಿಗಳು ಮತ್ತು ಹಿಪ್ಪುನೇರಳೆ ತೋಟದಲ್ಲಿ ಸಾಲುಗಳ ನಡುವೆ ಹಾಸುವ ಸೊಪ್ಪುಸದೆ ಮೊದಲ ಹೆಜ್ಜೆಯನ್ನೇ ತಡೆಯುತ್ತವೆ. ಕುಂಟೆ ಹೊಡೆಯುವುದು ಕಳೆ ತೆಗೆಯಲು ಮಾತ್ರವಲ್ಲ, ಹನಿ ಕಟ್ಟಿದ ಹಕ್ಕಳೆಯನ್ನು ಒಡೆಯಲೂ ಹೌದು.

ಎಲೆಯ ಮೇಲೆ, ಅರಗಿನ ಮೇಲೆ

ಘನ ಮೇಲ್ಮೈ ಮೇಲೆ ಕೂತ ಹನಿಯ ಅಂಚು ಒಂದು ನಿರ್ದಿಷ್ಟ ಕೋನ ಮಾಡುತ್ತದೆ ಎಂದು 1805ರಲ್ಲಿ ಥಾಮಸ್ ಯಂಗ್ ಹೇಳಿದರು. ಇದೇ ಸ್ಪರ್ಶ ಕೋನ. ಕೋನ ಚಿಕ್ಕದಾದರೆ ಹನಿ ಹರಡುತ್ತದೆ, ದೊಡ್ಡದಾದರೆ ಗುಂಡಗೆ ನಿಲ್ಲುತ್ತದೆ. ಚನ್ನಪಟ್ಟಣದ ಕುಶಲಕರ್ಮಿ ಹಾಲೆ ಮರದ ತುಂಡನ್ನು ಪಟ್ಟಡೆಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡಿ ಹತ್ತಿಕೊಳ್ಳುತ್ತದೆ. ಆಮೇಲೆ ಒಣ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾನೆ. ಮರದ ನಾಳಗಳು ಮುಚ್ಚಿ ಮೇಲ್ಮೈ ನಯವಾದ ಕಾರಣ ಅದರ ಮೇಲೆ ನೀರು ಇಂಗದೆ ಗುಮ್ಮಟವಾಗಿ ನಿಲ್ಲುತ್ತದೆ. ಕರಗಿದ ಅರಗು ಮರಕ್ಕೆ ಹತ್ತುವುದೂ ನೀರು ಅರಗಿಗೆ ಅಷ್ಟಾಗಿ ಹತ್ತದಿರುವುದೂ ಯಂಗ್ ಹೇಳಿದ ಒಂದೇ ನಿಯಮದ ಎರಡು ಮುಖಗಳು.

ಕೆಸುವಿನೆಲೆಯೂ ತಾವರೆ ಎಲೆಯೂ ಇನ್ನೂ ಮುಂದೆ ಹೋಗಿವೆ. ಒರಟು ಮೇಲ್ಮೈಯ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಹನಿ ಆ ಗಾಳಿಯ ಮೇಲೇ ಕೂರುತ್ತದೆ ಎಂದು 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ವಿವರಿಸಿದರು. ತಾವರೆ ಎಲೆಯಲ್ಲಿ ಮೇಣ ಮೆತ್ತಿದ ಸೂಕ್ಷ್ಮ ಗುಬುಟುಗಳು ಈ ಕೆಲಸ ಮಾಡುತ್ತವೆಂದೂ, ಉರುಳುವ ಹನಿ ಧೂಳನ್ನು ಎತ್ತಿಕೊಂಡು ಎಲೆಯನ್ನು ಚೊಕ್ಕಟ ಮಾಡುತ್ತದೆಂದೂ ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ತೋರಿಸಿದರು. ಇಂಥ ಮೇಲ್ಮೈಗೆ ಬಿದ್ದ ಹನಿ ಚೆಂಡಿನಂತೆ ಪುಟಿಯುತ್ತದೆ. ಪುಟಿಯುವ ಮುನ್ನ ಅದು ಮೇಲ್ಮೈಯನ್ನು ತಾಗಿರುವ ಕಾಲ ಬೀಳುವ ವೇಗವನ್ನು ಅವಲಂಬಿಸಿಲ್ಲ ಎಂದು 2002ರಲ್ಲಿ ಫ್ರಾನ್ಸಿನ ರಿಶಾರ್, ಕ್ಲಾನೆ ಮತ್ತು ಕೆರೆ ಕಂಡುಕೊಂಡರು. 2 ಮಿ.ಮೀ. ವ್ಯಾಸದ ಹನಿಗೆ ಆ ಕಾಲ ಸೆಕೆಂಡಿನ ನೂರನೇ ಒಂದು ಭಾಗ.

ಪುಟಿಯುವ ಹನಿ ನೋಡಲು ಚೆಂದ. ಔಷಧಿ ಸಿಂಪಡಿಸುವ ರೈತನಿಗೆ ಅದೇ ನಷ್ಟ. ಈ ಸಮಸ್ಯೆಯನ್ನು ಕರ್ನಾಟಕ ನೂರು ವರ್ಷ ಹಿಂದೆಯೇ ಎದುರಿಸಿದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದ ಕೊಳೆರೋಗ ಹಬ್ಬಿ ಕಾಯಿಗಳು ಉದುರುತ್ತಿದ್ದವು. ಗೊನೆಗೆ ಮಳೆಹನಿ ತಾಗದಂತೆ ಕೊಟ್ಟೆ ಕಟ್ಟುವುದು ಹಳೆಯ ಉಪಾಯ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ನುಣುಪಾದ ಕಾಯಿಯ ಮೇಲೆ ದ್ರಾವಣ ನಿಲ್ಲಬೇಕು, ಮುಂಗಾರಿನ ಹನಿಗಳ ಪೆಟ್ಟಿಗೆ ತೊಳೆದುಹೋಗಬಾರದು. ಅದಕ್ಕಾಗಿ ರಾಳ ಮತ್ತು ಸೋಡಾದ ಅಂಟನ್ನು ಬೆರೆಸಲಾಯಿತು. ತೀರಾ ಕಡಿಮೆ ಪ್ರಮಾಣದ ಪಾಲಿಮರ್ ಬೆರೆಸಿದರೆ ಹನಿ ನೀರೊಲ್ಲದ ಮೇಲ್ಮೈಯಿಂದಲೂ ಪುಟಿಯುವುದಿಲ್ಲ ಎಂಬ ಪ್ರಯೋಗ ಫಲಿತಾಂಶ ಪ್ರಕಟವಾದದ್ದು 2000ದಲ್ಲಿ.

ಗಾಳಿಯೂ ಪಾತ್ರಧಾರಿ

ವರ್ದಿಂಗ್ಟನ್ನರಿಂದ ಹಿಡಿದು ಎಲ್ಲರೂ ದ್ರವವನ್ನೂ ಘನವನ್ನೂ ನೋಡಿದರು. ಸುತ್ತಲಿನ ಗಾಳಿಯನ್ನು ಬಹುಮಟ್ಟಿಗೆ ಮರೆತರು. 2005ರಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯದ ಲೇ ಷು, ವೆಂಡಿ ಝಾಂಗ್ ಮತ್ತು ಸಿಡ್ನಿ ನೇಗಲ್ ಮುಚ್ಚಿದ ಪೆಟ್ಟಿಗೆಯಲ್ಲಿ ನಯವಾದ ಒಣ ಗಾಜಿನ ಮೇಲೆ ಆಲ್ಕೊಹಾಲ್ ಹನಿ ಬೀಳಿಸಿ, ಗಾಳಿಯನ್ನು ಹೊರಗೆಳೆಯುತ್ತ ಹೋದರು. ಒತ್ತಡ ವಾಯುಮಂಡಲದ ಆರನೇ ಒಂದು ಭಾಗದಷ್ಟಕ್ಕೆ ಇಳಿದಾಗ ಅದೇ ವೇಗದಿಂದ ಬಿದ್ದ ಹನಿ ಸಿಡಿಯಲೇ ಇಲ್ಲ, ಮೌನವಾಗಿ ಹರಡಿತು! ಸಿಡಿತಕ್ಕೆ ಗಾಳಿ ಬೇಕು ಎಂಬುದನ್ನು 130 ವರ್ಷ ಯಾರೂ ಊಹಿಸಿರಲಿಲ್ಲ.

ಮೊದಲ ಮಳೆಯ ಮಣ್ಣಿನ ವಾಸನೆಯೂ ಗಾಳಿಯ ಆಟವೇ. ಈ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಅದು ನಮ್ಮ ಮೂಗನ್ನು ತಲಪುವ ಬಗೆ ತಿಳಿದದ್ದು 2015ರಲ್ಲಿ. ಒಣ ಮಣ್ಣಿಗೆ ಬಿದ್ದ ಹನಿಯ ತಳದಲ್ಲಿ ಮಣ್ಣಿನ ರಂಧ್ರಗಳ ಗಾಳಿ ಸಿಕ್ಕಿಕೊಂಡು ಗುಳ್ಳೆಗಳಾಗುತ್ತದೆ. ಸೋಡಾ ನೀರಿನಲ್ಲಿ ಆಗುವಂತೆ ಗುಳ್ಳೆಗಳು ಮೇಲೇರಿ ಒಡೆದು ಅತಿ ಸೂಕ್ಷ್ಮ ತುಂತುರನ್ನು ಗಾಳಿಗೆ ಎರಚುತ್ತವೆ. ಅದರೊಡನೆ ವಾಸನೆಯ ಅಣುಗಳೂ, ಕೆಲವೊಮ್ಮೆ ಮಣ್ಣಿನ ಬ್ಯಾಕ್ಟೀರಿಯಗಳೂ ಮೇಲೇಳುತ್ತವೆ. ಬಿರುಮಳೆಗಿಂತ ಹಗುರ ಮಳೆಯಲ್ಲಿ ಇದು ಹೆಚ್ಚು.

ಕೋವಿಡ್ ಕಾಲದಲ್ಲಿ ಇದೇ ವಿಜ್ಞಾನ ಜೀವರಕ್ಷಣೆಗೆ ಬಂತು. ಕೆಮ್ಮಿದಾಗ ಹಾರುವ ದೊಡ್ಡ ಹನಿ ಮುಖಗವಸಿನ ಬಟ್ಟೆಗೆ ಬಡಿದರೆ ಏನಾಗುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಮತ್ತು ಸಂಗಡಿಗರು ವೇಗದ ಕ್ಯಾಮೆರಾದಿಂದ ಇದನ್ನು ಚಿತ್ರಿಸಿ 2021ರಲ್ಲಿ ಪ್ರಕಟಿಸಿದರು. ಒಂದೇ ಪದರದ ಬಟ್ಟೆಯಾದರೆ ಹನಿ ನೂಲಿನ ಸಂದಿಯಲ್ಲಿ ನುಗ್ಗಿ, ಒಡೆದು, ಗಾಳಿಯಲ್ಲಿ ತೇಲಬಲ್ಲ ಸಣ್ಣ ಹನಿಗಳಾಗುತ್ತದೆ. ಹಲವು ಪದರಗಳಿದ್ದರೆ, ವಿಶೇಷವಾಗಿ ಮೂರಿದ್ದರೆ, ಬಹುತೇಕ ತಡೆಯಲ್ಪಡುತ್ತದೆ. ವರ್ದಿಂಗ್ಟನ್ನರ ಕಿಡಿ ಇಲ್ಲಿ ಕ್ಯಾಮೆರಾ ಆಗಿದೆ, ಪ್ರಶ್ನೆ ಅದೇ.

ನಿಮ್ಮ ಶಾಲೆಯಲ್ಲಿ ಮಾಡಿ ನೋಡಿ

ಈ ಇತಿಹಾಸದ ಮುಖ್ಯ ಪ್ರಯೋಗಗಳನ್ನು ಹೆಚ್ಚು ಖರ್ಚಿಲ್ಲದೆ ಮಾಡಬಹುದು.

ಒಂದು: ತಟ್ಟೆಯಲ್ಲಿ ಜರಡಿ ಹಿಡಿದ ಮೈದಾ ಹಿಟ್ಟನ್ನು 2 ಸೆಂ.ಮೀ. ದಪ್ಪಕ್ಕೆ ಹರಡಿ. ಅದನ್ನು ಮುಚ್ಚಿ ಮಳೆಗೆ ಒಯ್ದು, ಎರಡು ಮೂರು ಸೆಕೆಂಡು ಮಾತ್ರ ತೆರೆಯಿರಿ. ಗುಳಿಗೆಗಳು ಒಣಗಿದ ಮೇಲೆ ಜರಡಿಯಾಡಿ ಗಾತ್ರವಾರು ಎಣಿಸಿ. ಮೇ ತಿಂಗಳ ಗುಡುಗು ಮಳೆಯನ್ನೂ ಜುಲೈ ತಿಂಗಳ ಸೋನೆಯನ್ನೂ ಹೋಲಿಸಿ.

ಎರಡು: ಒಂದೇ ಬಗೆಯ ಎರಡು ಟ್ರೇಗಳಲ್ಲಿ ಹೊಲದ ಮಣ್ಣು ತುಂಬಿ. ಒಂದರ ಮೇಲೆ ರಾಗಿ ಹುಲ್ಲನ್ನು ತೆಳುವಾಗಿ ಹಾಸಿ. ಎರಡರ ಹಿಂದೆಯೂ ಬಿಳಿಯ ರಟ್ಟನ್ನು ನೇರವಾಗಿ ನಿಲ್ಲಿಸಿ ಮಳೆಗೆ ಇಡಿ. ರಟ್ಟಿನ ಮೇಲೆ ಸಿಡಿದ ಮಣ್ಣಿನ ಚುಕ್ಕೆಗಳ ಎತ್ತರವನ್ನು ಅಳೆಯಿರಿ, ಸಂಖ್ಯೆಯನ್ನು ಎಣಿಸಿ.

ಮೂರು: ಡ್ರಾಪರಿನಿಂದ ಒಂದೇ ಎತ್ತರದಿಂದ ಗಾಜು, ಬರಿಯ ಮರ, ಅರಗು ಹಚ್ಚಿದ ಮರ, ಕೆಸುವಿನೆಲೆ ಇವುಗಳ ಮೇಲೆ ಹನಿ ಬೀಳಿಸಿ. ನಿಧಾನಗತಿಯ ಚಿತ್ರೀಕರಣದ ಸೌಲಭ್ಯವಿರುವ ಮೊಬೈಲ್ ಫೋನಿನಿಂದ ಸೆರೆಹಿಡಿಯಿರಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿನಲ್ಲಿ ಹರಡುವುದನ್ನೂ ಪುಟಿಯುವುದನ್ನೂ ಬೇರೆಬೇರೆಯಾಗಿ ಕಾಣಬಹುದು.

ಕಂಡದ್ದನ್ನು ಚಿತ್ರಿಸುವಾಗ ಒಂದು ಎಚ್ಚರ. ಹನಿಯ ಬೆರಳುಗಳು ಓರೆಯಾಗಿ ಕಂಡರೆ ಓರೆಯಾಗಿಯೇ ಬರೆಯಿರಿ. ಎರಡನೆಯ ಪ್ರಯೋಗದ ರಟ್ಟುಗಳನ್ನು ಊರಿನ ರೈತರಿಗೂ ತೋರಿಸಿ. ಮುಂದಿನ ಭರಣಿ ಮಳೆಗೆ ಮುನ್ನ ಹೊಲದ ಮೇಲೆ ಒಂದಿಷ್ಟು ಹುಲ್ಲುಕಡ್ಡಿಯನ್ನಾದರೂ ಉಳಿಸಲು ಆ ಕೆಂಪು ಚುಕ್ಕೆಗಳಿಗಿಂತ ಬೇರೆ ವಾದ ಬೇಕಾಗದು.